ಬೈಕಿಗೆ ಹೊಡೆದ ಬೆಣೆ

ಏಳು ವರ್ಷ ನನ್ನ ಕಚೇರಿಯ ಮೇಜಿನ ಡ್ರಾವರಿನಲ್ಲಿ ಒಂದು ಸ್ಪಾರ್ಕ್ ಪ್ಲಗ್ ಇತ್ತು. ರಬ್ಬರ್ ಸ್ಟಾಂಪು, ಗುಂಡುಪಿನ್ನು, ಒಣಗಿದ ಗೋಂದಿನ ಬಾಟಲಿಗಳ ನಡುವೆ ಅದನ್ನು ಹಳೆಯ ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದೆ. ಅಂಕೋಲೆಯ ಆ ಕಚೇರಿಯಲ್ಲಿ ನನ್ನ ಮೇಜು ಎರಡು ಸಲ ಬದಲಾಯಿತು. ಎರಡು ಸಲವೂ ಕಡತಗಳಿಗಿಂತ ಮೊದಲು ಅದನ್ನು ಸಾಗಿಸಿದೆ. ಯಾರಾದರೂ ನೋಡಿ ಕೇಳಿದರೆ ಹಳೆ ಗಾಡಿಯದು ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಆದರೆ ಅದು ಕಳವಿನ ಮಾಲು, ಸ್ವಂತ ಅಣ್ಣನ ಅಂಗಳದಿಂದ ಕದ್ದದ್ದು ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ.

ನಮ್ಮ ಮನೆ ಕದ್ವಾಡದಲ್ಲಿ, ಕಾಳಿ ನದಿಯ ದಂಡೆಗೆ ಹತ್ತಿರ. ಅಜ್ಜ ಅಂಕೋಲೆ ಕಡೆಯಿಂದ ಹೋಗಿ ಅಲ್ಲಿ ನೆಲೆ ನಿಂತವರಾದ್ದರಿಂದ ಸುತ್ತಲಿನ ಮನೆಗಳಲ್ಲಿ ಕೊಂಕಣಿ, ನಮ್ಮ ಮನೆಯಲ್ಲಿ ಕನ್ನಡ. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಶಾಲೆ ಬಿಟ್ಟವನೇ ಅಪ್ಪನ ಜೊತೆ ಗಜನಿಗೆ ಇಳಿದ. ಗಜನಿ ಅಂದರೆ ನದಿಯ ಉಪ್ಪುನೀರು ಹತ್ತಿ ಇಳಿಯುವ ಭತ್ತದ ಗದ್ದೆ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಅಣ್ಣನಿಗೆ ಒಂದು ಸಣ್ಣ ದೋಣಿ ಇತ್ತು, ಅದರ ಮೇಲೆ ಜೀವ ಇತ್ತು. ನಾನು ಓದಿದೆ, ಕಾರವಾರದಲ್ಲಿ ಗುಮಾಸ್ತನಾದೆ. ನನ್ನ ನೌಕರಿ ಖಾಯಂ ಆದ ವರ್ಷ ಇಬ್ಬರೂ ಸೇರಿ ಒಂದು ಬೈಕು ತಂದೆವು. ಯಾರೋ ಓಡಿಸಿ ಬಿಟ್ಟ ಟೂ-ಸ್ಟ್ರೋಕ್ ಗಾಡಿ, ಕೆಂಪು ಟ್ಯಾಂಕು. ವಾರವಿಡೀ ನಾನು, ಐತವಾರ ಅಣ್ಣ. ಅಣ್ಣ ಗಾಡಿಯನ್ನೂ ದೋಣಿಯಂತೆಯೇ ನಡೆಸುತ್ತಿದ್ದ. ತಿರುವು ಇನ್ನೂ ದೂರವಿರುವಾಗಲೇ ಮೈ ಓರೆ ಮಾಡುತ್ತಿದ್ದ. ಹಿಂದೆ ಕೂತ ನನಗೆ ಜೀವ ಬಾಯಿಗೆ ಬರುತ್ತಿತ್ತು.

ನನ್ನ ಮದುವೆಯಾಗಿ, ಅಂಕೋಲೆಗೆ ವರ್ಗವಾಗಿ, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಹಿಸ್ಸೆಯಾಯಿತು. ಅದು ಎರಡು ಸಾವಿರದ ಒಂದರ ಬೇಸಿಗೆ. ಹಿರಿಯರು ನಾಲ್ಕು ಜನ ಜಗಲಿಯಲ್ಲಿ ಕೂತರು. ಗದ್ದೆ, ತೆಂಗಿನಮರ, ಹಂಡೆ, ಕಡಾಯಿ ಎಲ್ಲವೂ ಸಲೀಸಾಗಿ ಹೋದವು. ಮನೆ ಅಣ್ಣನಿಗೆ, ದೋಣಿ ಅಣ್ಣನಿಗೆ. ಜಗಳವಾಡುವ ಅಣ್ಣತಮ್ಮಂದಿರು ಇವರನ್ನು ನೋಡಿ ಕಲಿಯಬೇಕು ಎಂದು ಒಬ್ಬರು ಹೊಗಳಿಯೂ ಬಿಟ್ಟರು. ದೃಷ್ಟಿ ತಾಗಿದ್ದು ಅಲ್ಲೇ ಇರಬೇಕು. ಕೊನೆಗೆ ಗಾಡಿ ಉಳಿಯಿತು.

ತಮ್ಮ ದೂರ ಇರುವವನು, ಅವನೇ ಒಯ್ಯಲಿ ಎಂದ ಅಣ್ಣ. ಅಣ್ಣ ದೊಡ್ಡವನು, ಅವನೇ ಇಟ್ಟುಕೊಳ್ಳಲಿ ಎಂದೆ ನಾನು. ನಿನಗೇ ಇರಲಿ, ಇಲ್ಲ ನಿನಗೇ ಇರಲಿ. ಮೊದಲ ಐದು ನಿಮಿಷ ಅದು ಪ್ರೀತಿಯೇ ಆಗಿತ್ತು, ದೇವರಾಣೆ. ಆಮೇಲೆ ಯಾವಾಗ ಅದು ಹಟವಾಯಿತೋ ತಿಳಿಯಲಿಲ್ಲ. ಒಬ್ಬನ ಔದಾರ್ಯದ ಅಡಿಯಲ್ಲಿ ಇನ್ನೊಬ್ಬ ಇರಲು ತಯಾರಿಲ್ಲ. ದನಿ ಏರಿತು. ಅಣ್ಣ ಎದ್ದು ನಿಂತು, "ಭಿಕ್ಷೆ ಅಂದ್ಕಂಡಾದ್ರೂ ತಕಂಡು ಹೋಗು ಮಾರಾಯಾ" ಎಂದ.

ಅವನು ಅದನ್ನು ಬೇಸತ್ತು ಹೇಳಿದ್ದು, ಹೀಯಾಳಿಸಲು ಅಲ್ಲ. ಇವತ್ತು ಅದು ಗೊತ್ತಾಗುತ್ತದೆ. ಅವತ್ತು ನಾಲ್ಕು ಜನರೆದುರು ಆ ಒಂದು ಶಬ್ದ ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಹಾಗಿದ್ದರೆ ಇಲ್ಲೇ ಕೊಳೆಯಲಿ ಎಂದೆ ನಾನು.

ಮಾರನೆಯ ಬೆಳಿಗ್ಗೆ ಅಣ್ಣ ಗದ್ದೆಗೆ ಹೋಗಿದ್ದ. ನನ್ನ ಸಾಮಾನು ಟೆಂಪೋಗೆ ಹತ್ತಿ ಆಗಿತ್ತು. ಗಾಡಿ ಅಂಗಳದ ಅಂಚಿನಲ್ಲಿ ಮುರುಗಲ ಮರದ ಬುಡಕ್ಕೆ ನಿಂತಿತ್ತು. ನಾನು ಪಾನಾ ತೆಗೆದುಕೊಂಡು ಹೋಗಿ ಅದರ ಪ್ಲಗ್ ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಅಣ್ಣ ಓಡಿಸಬಾರದು, ಅಷ್ಟೇ. ಎಂಜಿನ್ನಿನ ನೆತ್ತಿಯ ಮೇಲೆ ಕಿರುಬೆರಳು ತೂರುವಷ್ಟು ತೂತು ಬಾಯಿಬಿಟ್ಟುಕೊಂಡು ಉಳಿಯಿತು. ಮಳೆ ಬಿದ್ದರೆ ಅಲ್ಲಿಂದ ನೀರಿಳಿದು ಎಂಜಿನ್ ಸಾಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ನಾನು ಕೊಯ್ದ ಮೂಗನ್ನು ಡ್ರಾವರಿನಲ್ಲಿ ಇಟ್ಟುಕೊಂಡಿದ್ದೆ.

ಅಲ್ಲಿಂದ ಮಾತು ಬಿಟ್ಟೆವು. ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ಹೊಡೆದಾಟವಿಲ್ಲ, ಕೋರ್ಟಿಲ್ಲ. ಮದುವೆಮನೆಯಲ್ಲಿ ಒಂದೇ ಪಂಕ್ತಿಗೆ ಕೂರುತ್ತಾರೆ. ಆದರೆ ಪಕ್ಕದವನಿಗೆ ಉಪ್ಪಿನಕಾಯಿ ಬೇಕೋ ಎಂಬುದನ್ನು ಬಡಿಸುವವರಿಗೆ ಹೇಳಿ ಕೇಳಿಸುತ್ತಾರೆ. ಹೇಳಬೇಕಾದ್ದನ್ನು ನಡುವೆ ಸಿಕ್ಕಿದವರಿಗೆ ಹೇಳಬೇಕು, ಮನುಷ್ಯರು ಯಾರೂ ಸಿಗದಿದ್ದರೆ ಕಂಬಕ್ಕೋ ಕರುವಿಗೋ ಹೇಳಬೇಕು. ಏಳು ಮಳೆಗಾಲ ಹೀಗೇ ಕಳೆದವು. ಅಣ್ಣನಿಗೆ ಹೊಟ್ಟೆಯ ಕಾಯಿಲೆ, ಗೋವೆಯ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾನೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದರು. ಕೇಳಿ ಸುಮ್ಮನಾದೆ. ನೋಡಲು ಹೋಗಲಿಲ್ಲ. ಈ ಸಾಲು ಬರೆಯಲು ನಾಚಿಕೆಯಾಗುತ್ತದೆ.

ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಕಚೇರಿಗೆ ಅತ್ತಿಗೆಯ ಫೋನು ಬಂತು. ಅತ್ತಿಗೆಗೆ ಮಕ್ಕಳಿಲ್ಲ, ಮೊದಲಿನಿಂದಲೂ ನನ್ನನ್ನು ತಮ್ಮಾ ಎಂದೇ ಕರೆಯುವವಳು. ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ.

"ತಮ್ಮಾ, ಈ ವರ್ಷ ಗಾಡಿಗೆ ತಟ್ಟಿ ಕಟ್ಟೂಕೆ ಅವ್ರ ಕೈಲಾಗೂದಿಲ್ಲ. ಮಳೆ ಬರೂ ಮುಂಚೆ ಬಂದು ಒಂದು ವ್ಯವಸ್ಥೆ ಮಾಡು" ಎಂದಳು.

ಯಾವ ಗಾಡಿ, ಯಾವ ತಟ್ಟಿ ಎಂದು ಕೇಳಬೇಕೆಂದುಕೊಂಡೆ. ಅದು ಎಂದೋ ಗುಜರಿಗೆ ಹೋಗಿರಬಹುದೆಂದು ನಾನು ತಿಳಿದಿದ್ದೆ. ಕೇಳಲು ಬಾಯಿ ಬರಲಿಲ್ಲ, ಅಣ್ಣನ ಬಗ್ಗೆ ಕೇಳಿದೆ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ ಎಂದಳು. ಹಾಗೆ ಹೇಳಿದರೆ ಅದರ ಅರ್ಥ ಏನೆಂದು ಇಬ್ಬರಿಗೂ ಗೊತ್ತಿತ್ತು.

ಆ ಐತವಾರ ಪ್ಲಗ್ಗನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಟೆ. ಕಾರವಾರದಲ್ಲಿ ಬಸ್ಸು ಬದಲಿಸಿ, ಶಿರವಾಡ ದಾಟಿ, ಕದ್ವಾಡದಲ್ಲಿ ಇಳಿದು ನಡೆಯುವಾಗ ನನ್ನ ಯೋಚನೆ ಒಂದೇ ಆಗಿತ್ತು. ಯಾರೂ ನೋಡದಾಗ ಪ್ಲಗ್ಗನ್ನು ಇದ್ದಲ್ಲೇ ತಿರುಗಿಸಿ ಕೂರಿಸಿಬಿಟ್ಟರೆ ಆಯಿತು, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ನಲವತ್ತು ವರ್ಷದ ಗುಮಾಸ್ತನ ಬುದ್ಧಿ ಅಷ್ಟಕ್ಕೇ ಓಡಿತು.

ಅಣ್ಣ ಜಗಲಿಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಹುಟ್ಟು ಹಾಕಿ ಹಾಕಿ ಹುರಿಗಟ್ಟಿದ್ದ ತೋಳುಗಳು ಕಡ್ಡಿಯಾಗಿದ್ದವು, ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬಿತ್ತು. ಮಂಚದ ಕೆಳಗೆ ಒಂದು ಕರಿನಾಯಿ ಮಲಗಿತ್ತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಕಾಲು ಹಿಡಿದು ಅತ್ತುಬಿಡೋಣ ಎನಿಸಿತು. ಹಾಗೆ ಮಾಡದೆ, ಗಾಡಿ ಎಲ್ಲಿದೆ ಎಂದು ಅತ್ತಿಗೆಯನ್ನು ಕೇಳಿದೆ.

ಗಾಡಿ ಬಿಟ್ಟಲ್ಲೇ ಇತ್ತು. ಮುರುಗಲ ಮರದ ಬುಡದಲ್ಲಿ, ಹೋದ ವರ್ಷದ ತೆಂಗಿನ ಮಡಲಿನ ತಟ್ಟಿಗಳ ಒಳಗೆ, ಮಳೆಗಾಲಕ್ಕೆ ದಡಕ್ಕೆಳೆದ ದೋಣಿಯನ್ನು ಮುಚ್ಚುವ ರೀತಿಯಲ್ಲೇ ಮುಚ್ಚಿ ಕಟ್ಟಿತ್ತು. ಹಗ್ಗದ ಗಂಟೂ ದೋಣಿಯ ಗಂಟೇ. ಬಿಚ್ಚಿ ನೋಡಿದರೆ ನನಗೆ ಅಳಬೇಕೋ ನಗಬೇಕೋ ತಿಳಿಯದಾಯಿತು. ಅಣ್ಣ ಇಡೀ ಬೈಕಿಗೆ ಗೇರೆಣ್ಣೆ ಬಳಿದಿದ್ದ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ, ಕೈಗೆ ತಾಗಿದರೆ ಚರ್ಮ ಸುಲಿಯುವ ಕಪ್ಪು ಎಣ್ಣೆ ಅದು. ಹುಳ ಕೊರೆಯದಿರಲಿ ಎಂದು ದೋಣಿಯ ತಳಕ್ಕೆ ಬಳಿಯುತ್ತಾರೆ. ಲೋಕದಲ್ಲಿ ಯಾರೂ ಬೈಕಿಗೆ ಬಳಿದದ್ದು ನನಗೆ ಗೊತ್ತಿಲ್ಲ. ವರ್ಷಕ್ಕೊಂದರಂತೆ ಏಳು ಕೈ ಬಿದ್ದು ಕೆಂಪು ಟ್ಯಾಂಕು, ಹ್ಯಾಂಡಲ್, ರಿಮ್ಮು, ಕಡ್ಡಿಗಳು ಎಲ್ಲವೂ ಒಂದೇ ಕಪ್ಪು. ಬಣ್ಣ ಪೂರ್ತಿ ಸತ್ತಿತ್ತು. ಸೀಟಿನೊಳಗೆ ಇಲಿ ಸಂಸಾರ ಮಾಡಿ ಹೋಗಿತ್ತು. ಟಯರು ಕೈ ಇಟ್ಟಲ್ಲಿ ಒಡೆಯುತ್ತಿತ್ತು. ಆದರೆ ಸಮುದ್ರದ ಗಾಳಿಗೆ ಮೂರೇ ವರ್ಷದಲ್ಲಿ ಹಪ್ಪಳವಾಗುವ ಕಬ್ಬಿಣ, ಉಗುರಲ್ಲಿ ಆ ಕಪ್ಪನ್ನು ಕೆರೆದರೆ ಒಳಗೆ ಗಟ್ಟಿಯಾಗಿತ್ತು.

ಮಂಡಿಯೂರಿ ಕೂತು, ಜಗಲಿಗೆ ಬೆನ್ನು ಮಾಡಿ, ಎಂಜಿನ್ನಿನ ನೆತ್ತಿಯ ಮೇಲೆ ಬೆರಳಾಡಿಸಿದೆ. ತೂತು ಇರಲಿಲ್ಲ. ಅಲ್ಲಿ ಒಂದು ಮರದ ಬೆಣೆ ಇತ್ತು. ದೋಣಿಯ ತಳದಲ್ಲಿ ನೀರು ಬಸಿಯಲು ಒಂದು ತೂತಿರುತ್ತದೆ, ನೀರಿಗಿಳಿಸುವ ಮೊದಲು ಎಣ್ಣೆಬಟ್ಟೆ ಸುತ್ತಿದ ಬೆಣೆ ಹೊಡೆದು ಅದನ್ನು ಮುಚ್ಚುತ್ತಾರೆ. ಅಂಥದೇ ಬೆಣೆ, ಪ್ಲಗ್ಗಿನ ಅಳತೆಗೆ ಕೆತ್ತಿದ್ದು. ತುದಿಯನ್ನು ಕತ್ತಿಯಿಂದ ನಯ ಮಾಡಿದ್ದ.

ಅವನಿಗೆ ಗೊತ್ತಿತ್ತು. ಮೊದಲ ಮಳೆಗೆ ಮುಂಚೆಯೇ ಗೊತ್ತಾಗಿತ್ತು. ಆ ಪಾನಾ ಇದ್ದದ್ದು ನಮ್ಮಿಬ್ಬರ ಕೈಯಲ್ಲಿ ಮಾತ್ರ.

ನಾನು ಬೆಣೆಯನ್ನು ಹಿಡಿದು ಎಳೆದೆ. ಅಲುಗಲಿಲ್ಲ. ಆಗ ಬೆನ್ನ ಹಿಂದೆ ಏಳು ವರ್ಷದ ಮೇಲೆ ಅಣ್ಣನ ದನಿ ಕೇಳಿಸಿತು. ನಾಯಿಗೆ ಹೇಳುತ್ತಿದ್ದ. "ಏ, ಅಂವ್ಗೆ ಹೇಳು. ಬೆಣೆ ಎಳಿಯೂದಲ್ಲ. ತಿರುಗಿಸ್ತಾ ತಿರುಗಿಸ್ತಾ ತೆಗಿಯೂದು."

ತಿರುಗಿಸುತ್ತಾ ತಿರುಗಿಸುತ್ತಾ ತೆಗೆದೆ. ಪ್ಲಗ್ ನನ್ನ ಕಿಸೆಯಲ್ಲಿತ್ತು, ಎದೆಗೆ ಒತ್ತುತ್ತಿತ್ತು. ಆ ಕ್ಷಣ ತೆಗೆದು ತೋರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಎದ್ದು ಅತ್ತಿಗೆಯ ಕಡೆ ತಿರುಗಿ, ಪ್ಲಗ್ ಎಲ್ಲೋ ಬಿದ್ದುಹೋಗಿದೆ, ಹೊಸದು ತರಬೇಕು ಎಂದೆ. ಅಣ್ಣ ಗೋಡೆಯ ಕಡೆ ಮಗ್ಗುಲಾದ. ಆ ದಿನ ಮತ್ತೆ ನಾಯಿಗೂ ಏನನ್ನೂ ಹೇಳಲಿಲ್ಲ.

ಸಂಜೆ ಬಸ್ಸಿನಲ್ಲಿ ಕೂತು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಗಾಡಿ ಶುರುವಾಗಲಿ, ಆ ದಿನ ಹೇಳುತ್ತೇನೆ, ಸರಿಪಡಿಸಿ ಕೊಟ್ಟವನ ಬಾಯಲ್ಲಿ ತಪ್ಪೊಪ್ಪಿಗೆಗೆ ಒಂದು ಬೆಲೆ ಇರುತ್ತದೆ ಎಂದು. ಆಸ್ಪತ್ರೆಯವರು ಹೇಳಿದ ದಿನಗಳ ಜೊತೆ ನನ್ನ ಈ ಲೆಕ್ಕ ಕೂಡಿ ಬರುತ್ತದೋ ಇಲ್ಲವೋ ಎಂದು ಯೋಚಿಸಲೇ ಇಲ್ಲ.

ಮುಂದಿನ ಐತವಾರ ಶಿರವಾಡದಿಂದ ಒಬ್ಬ ಮೇಸ್ತ್ರಿಯನ್ನು ಕರೆತಂದೆ. ರೈಲ್ವೆ ಸ್ಟೇಷನ್ ಹತ್ತಿರ ಗ್ಯಾರೇಜು ಇಟ್ಟವನು, ಮಾತು ಕಡಿಮೆ. ಗೇರೆಣ್ಣೆ ಮೂಸಿ ನೋಡಿ ತಲೆ ಆಡಿಸಿದ. ಬೆಣೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಈ ತೂತು ಒಂದು ಮಳೆಗಾಲ ತೆರೆದಿದ್ದರೆ ಗಾಡಿಯನ್ನು ಕಿಲೋ ಲೆಕ್ಕದಲ್ಲಿ ಮಾರಬೇಕಿತ್ತು, ಮುಚ್ಚಿದವನು ಪುಣ್ಯಾತ್ಮ ಎಂದ. ಪ್ಲಗ್ ತೆಗೆದ ಪಾಪಿ ಯಾರು ಎಂದು ಅವನು ಕೇಳಲಿಲ್ಲ. ಪಿಸ್ಟನ್ ಹಿಡಿದುಕೊಂಡಿದೆ, ಅವಸರ ಮಾಡಬೇಡಿ ಎಂದು ಹೇಳಿ, ಮಾಡಬೇಕಾದ್ದನ್ನೆಲ್ಲ ತೋರಿಸಿಕೊಟ್ಟು ಹೋದ.

ಆಮೇಲಿನ ಕೆಲಸ ನನ್ನದು. ಮಳೆ ಹಿಡಿಯಿತು, ಗಾಡಿಯನ್ನು ಕೊಟ್ಟಿಗೆಯ ಚಾವಣಿಯ ಕೆಳಗೆ ಎಳೆದು ತಂದೆವು. ಜಗಲಿಯಿಂದ ಅಣ್ಣನಿಗೆ ಎಲ್ಲ ಕಾಣುತ್ತಿತ್ತು. ಪ್ಲಗ್ಗಿನ ತೂತಿನಲ್ಲಿ ಸೀಮೆಎಣ್ಣೆಯನ್ನೂ ಆಯಿಲನ್ನೂ ಬೆರೆಸಿ ಹೊಯ್ದು ವಾರಗಟ್ಟಲೆ ಬಿಟ್ಟೆ. ಬಂದಾಗಲೆಲ್ಲ ಗಾಡಿಯನ್ನು ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದಕ್ಕೆ ಮುಂದಕ್ಕೆ ಅಲುಗಿಸುತ್ತಿದ್ದೆ. ಟ್ಯಾಂಕಿನೊಳಗೆ ಹೊಳೆಯ ಸಣ್ಣ ಕಲ್ಲುಗಳನ್ನು ತುಂಬಿ, ಸೀಮೆಎಣ್ಣೆ ಹಾಕಿ, ಕೂಸನ್ನು ಆಡಿಸುವಂತೆ ಮಡಿಲಲ್ಲಿಟ್ಟು ಕುಲುಕಿದೆ. ಕಂದು ನೀರು ಹೊರಬಂತು. ಸೈಲೆನ್ಸರಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ತಂತಿ ಹಾಕಿ ಒಡೆದೆ. ಇಲಿ ಕಡಿದ ವಯರುಗಳನ್ನು ಒಂದೊಂದಾಗಿ ಜೋಡಿಸಿದೆ. ಕೈಚರ್ಮ ಗೇರೆಣ್ಣೆಗೆ ಸುಲಿದು, ಕಚೇರಿಯಲ್ಲಿ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಅದೊಂದು ನನಗೆ ನ್ಯಾಯವೆನಿಸಿತು.

ಅಣ್ಣನ ಅಪ್ಪಣೆಗಳೆಲ್ಲ ನಾಯಿಯ ಮೂಲಕ ಬರುತ್ತಿದ್ದವು. ಅಂವ್ಗೆ ಹೇಳು, ಬೋಲ್ಟು ಕಳೀತಾ, ಬಟ್ಟಲಲ್ಲಿ ಹಾಕ್ಕಣಲಿ. ಅಂವ್ಗೆ ಹೇಳು, ಮೊದ್ಲು ಊಟ ಮಾಡ್ಲಿ. ನಾಯಿ ಪಾಪ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ ಬಾಲ ಆಡಿಸುತ್ತಿತ್ತು. ನಾಯಿಗೆ ಮಾರುತ್ತರ ಕೊಡುವಷ್ಟು ನಾನು ಇಳಿಯಲಿಲ್ಲ. ನನ್ನ ಉತ್ತರಗಳನ್ನು ಅತ್ತಿಗೆಗೆ ಹೇಳುತ್ತಿದ್ದೆ. ಅವಳು ಇಬ್ಬರಿಗೂ ಬೆನ್ನು ಹಾಕಿ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು. ಮಾತು ಬಿಟ್ಟ ಗಂಡಸರ ನಡುವೆ ಬದುಕಿದ ಹೆಂಗಸರ ಪಾತ್ರೆಗಳು ನಮ್ಮ ಕಡೆ ಬೇಗ ನೆಗ್ಗುತ್ತವೆ.

ನಾಲ್ಕನೆಯ ಐತವಾರ ಚಕ್ರ ಅಲುಗಿಸುತ್ತಿದ್ದಾಗ ಎಂಜಿನ್ನಿನೊಳಗೆ ಟಕ್ ಎಂದು ಸದ್ದಾಗಿ ಪಿಸ್ಟನ್ ಸರಿಯಿತು. ಸಣ್ಣ ಸದ್ದು. ಜಗಲಿಯಲ್ಲಿ ಅಣ್ಣ ಮೊಣಕೈ ಊರಿ ಎದ್ದು ಕೂತ. ನಕ್ಕನೋ, ನೋವಿಗೆ ಮುಖ ಸೊಟ್ಟ ಮಾಡಿದನೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾಯಿಯ ತಲೆ ಸವರುತ್ತಾ, "ಅಂವ್ಗೆ ಹೇಳು, ಗಾಡಿ ಶುರು ಆದ್ರೆ ನಂಗೆ ಒಂದ್ಸಲ ದೋಣಿ ಕಟ್ಟೂ ಜಾಗದವರೆಗೆ ಕರ್ಕಂಡು ಹೋಗ್ಲಿ" ಎಂದ.

ಮನೆಯಿಂದ ದೋಣಿ ಕಟ್ಟುವ ಜಾಗ ಕೂಗಿದರೆ ಕೇಳುವಷ್ಟು ದೂರ. ಹಾಸಿಗೆ ಹಿಡಿದ ಮೇಲೆ ಅವನು ನದಿಯನ್ನು ನೋಡಿರಲಿಲ್ಲ. ಕರೆದುಕೊಂಡು ಹೋಗುತ್ತೇನೆ ಎಂದು ಅತ್ತಿಗೆಗೆ ಹೇಳಿದೆ.

ಐದನೆಯ ಐತವಾರ ಎಲ್ಲ ತಯಾರಾಗಿತ್ತು. ಹೊಸ ಟಯರು, ಹೊಸ ಚೈನು, ತೊಳೆದ ಕಾರ್ಬೊರೇಟರ್, ಆಯಿಲ್ ಬೆರೆಸಿದ ಪೆಟ್ರೋಲು. ಅತ್ತಿಗೆ ಅಣ್ಣನಿಗೆ ಒಗೆದ ಅಂಗಿ ಹಾಕಿದ್ದಳು. ಮಳೆ ಬಿಟ್ಟು ಹೊಳವಾಗಿತ್ತು. ಅಂಕೋಲೆಯಲ್ಲಿ ಕೊಂಡ ಹೊಸ ಪ್ಲಗ್ಗನ್ನು ತೆಗೆದು ಕೂರಿಸಲು ನೋಡಿದೆ. ಅದರ ಮೂತಿ ಉದ್ದವಾಗಿತ್ತು. ಹಾಕಿದರೆ ಪಿಸ್ಟನ್ನಿಗೆ ಬಡಿಯುತ್ತದೆ. ಅಂಗಡಿಯವನಿಗೆ ನಾನೇ ಗಾಡಿಯ ಹೆಸರು ಸರಿಯಾಗಿ ಹೇಳಿರಲಿಲ್ಲ.

ಹಳೆಯ ಪ್ಲಗ್ ಕಿಸೆಯಲ್ಲೇ ಇತ್ತು. ಪ್ರತಿ ಐತವಾರವೂ ತರುತ್ತಿದ್ದೆ, ಯಾಕೆಂದು ಕೇಳಬೇಡಿ. ಅದನ್ನು ತೆಗೆದು ತಿರುಗಿಸಿದರೆ ಗಾಡಿ ಶುರುವಾಗುತ್ತದೆ, ಅಣ್ಣ ಹಿಂದೆ ಕೂರುತ್ತಾನೆ, ನದಿ ನೋಡುತ್ತಾನೆ. ಆದರೆ ಅವನ ಕಣ್ಣೆದುರು ನನ್ನ ಕಿಸೆಯಿಂದ ಅದು ಹೊರಬರಬೇಕು. ಬಿದ್ದುಹೋಗಿದೆ ಎಂದು ಅದೇ ಅಂಗಳದಲ್ಲಿ ನಿಂತು ಹೇಳಿದ್ದೆ. ತಲೆ ಎತ್ತಿದೆ. ಅಣ್ಣ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕಿಸೆಯನ್ನು ನೋಡುತ್ತಿದ್ದ.

ಪ್ಲಗ್ ಸೇರುವುದಿಲ್ಲ, ಮುಂದಿನ ವಾರ ಬೇರೆ ತರುತ್ತೇನೆ ಎಂದು ಅತ್ತಿಗೆಗೆ ಹೇಳಿದೆ.

ಅಣ್ಣ ನನ್ನ ಕಿಸೆಯಿಂದ ಕಣ್ಣು ತೆಗೆದ. ಆಮೇಲೆ ನಾಯಿಗೆ, "ಬರೂ ಐತವಾರ ಆಗ್ಲಿ ಅನ್ನು" ಎಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವನು ಗುರುವಾರ ಹೋದ. ಸುರಿಯುವ ಮಳೆಯಲ್ಲಿ, ಚಿತೆಯ ಮೇಲೆ ತಗಡು ಹಿಡಿದು, ಸೀಮೆಎಣ್ಣೆ ಹೊಯ್ದು ಸುಟ್ಟೆವು. ಮಕ್ಕಳಿಲ್ಲದವನಿಗೆ ನಾನೇ ಬೆಂಕಿ ಕೊಟ್ಟೆ.

ಹನ್ನೆರಡನೆಯ ದಿನದ ಕಾರ್ಯ ಕಳೆದು ನೆಂಟರೆಲ್ಲ ಹೋದ ಮೇಲೆ ಅತ್ತಿಗೆ ಜಗಲಿಯ ಮೆಟ್ಟಿಲಲ್ಲಿ ಬಂದು ಕೂತಳು. ನಾನು ಕೆಳಗೆ ಕೂತಿದ್ದೆ. ಅವಳಿಗೆ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು.

"ಬೆಣೆ ಕೆತ್ತೂಕೆ ಕೂತಾಗ ನಾ ಕೇಳಿದ್ದೆ ತಮ್ಮಾ, ಪೇಟೆಲಿ ಸಿಗೂ ಸಾಮಾನಲ್ದಾ, ಒಂದು ತಂದು ಹಾಕೂಕೆ ಆಗೂದಿಲ್ವಾ ಅಂತ. 'ಅದು ಅಂವ್ನ ಹತ್ರ ಇದೆ, ಅಂವ ತಂದೇ ಹಾಕ್ತಾ. ಅಲ್ಲಿವರೆಗೆ ನೀರು ಹೋಗ್ದಿದ್ರೆ ಸಾಕು' ಅಂದ್ರು. ವರ್ಷ ವರ್ಷ ಎಣ್ಣೆ ಹಚ್ಚುವಾಗೂ ಅದನ್ನೇ ಹೇಳ್ತಿದ್ರು."

ಹೇಳಿ ಅವಳು ಒಳಗೆ ಹೋದಳು. ಪಾತ್ರೆಯ ಸದ್ದು ಬರಲಿಲ್ಲ.

ನಾನು ಕೊಟ್ಟಿಗೆಗೆ ಹೋದೆ. ಕಿಸೆಯಿಂದ ಪ್ಲಗ್ ತೆಗೆದು, ಕರವಸ್ತ್ರ ಬಿಚ್ಚಿ, ಅದರ ಮೂತಿಯನ್ನು ಪಾಲಿಷ್ ಕಾಗದದಲ್ಲಿ ಉಜ್ಜಿದೆ. ತೂತಿಗಿಟ್ಟು ತಿರುಗಿಸಿದೆ. ನಿನ್ನೆ ತೆಗೆದದ್ದೇನೋ ಎಂಬಂತೆ ಸಲೀಸಾಗಿ ಕೂತಿತು. ಕಿಕ್ಕರ್ ತುಳಿದೆ. ಹತ್ತೋ ಹನ್ನೆರಡೋ ಸಲಕ್ಕೆ ಗಾಡಿ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಶುರುವಾಯಿತು. ಕೊಟ್ಟಿಗೆ ತುಂಬ ನೀಲಿ ಹೊಗೆ, ಸೈಲೆನ್ಸರಿನ ಮೇಲಿನ ಗೇರೆಣ್ಣೆ ಸುಡುವ ವಾಸನೆ. ಅತ್ತಿಗೆ ಹೊರಗೆ ಬರಲಿಲ್ಲ.

ದೋಣಿ ಕಟ್ಟುವ ಜಾಗಕ್ಕೆ ಓಡಿಸಿಕೊಂಡು ಹೋದೆ. ಹಿಂದಿನ ಸೀಟು ಖಾಲಿ. ತಿರುವಿಗೆ ಮೊದಲೇ ನನ್ನ ಮೈ ತಾನಾಗಿ ಓರೆಯಾಯಿತು. ದಡದಲ್ಲಿ ಅಣ್ಣನ ದೋಣಿ ಬೋರಲು ಬಿದ್ದಿತ್ತು, ಈ ವರ್ಷ ಅದಕ್ಕೆ ಯಾರೂ ಎಣ್ಣೆ ಬಳಿದಿರಲಿಲ್ಲ. ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ ಕರಿನಾಯಿ ಹಿಂದೆಯೇ ಓಡಿ ಬಂದಿತ್ತು. ಏದುಸಿರು ಬಿಡುತ್ತಾ, ಏನೋ ಹೇಳುತ್ತಾನೆಂದು ಕಾಯುವಂತೆ ನನ್ನ ಮುಖ ನೋಡಿತು.

ನಾನು ಅದರೆದುರು ಕುಕ್ಕರುಗಾಲಲ್ಲಿ ಕೂತೆ.

"ಅಣ್ಣಂಗೆ ಹೇಳು" ಎಂದೆ. "ಪ್ಲಗ್ ನಾನೇ ತೆಗ್ದದ್ದು. ತಂದು ಹಾಕ್ದೆ ಅಂತ ಹೇಳು."

ನಾಯಿ ಸ್ವಲ್ಪ ಹೊತ್ತು ಬಾಲ ಆಡಿಸಿತು. ಆಮೇಲೆ ದೋಣಿಯ ನೆರಳಿಗೆ ಹೋಗಿ ಮಲಗಿತು.